ಜೆಟ್ಟಿನ ಬೆಳಕು ಅಳೆಯೋದು ಹೆಂಗ?

ತುರ್ಕು, ಫಿನ್‌ಲ್ಯಾಂಡ್

ತಮ್ಮಾ,

ಅವ್ವಾ-ಅಪ್ಪಾಗ ನನ್ನ ನಮಸ್ಕಾರ ಹೇಳು. ನಿಮ್ಮ ಗದಗಿನ ಕಾಲೇಜಿನ 8 ಇಂಚಿನ ಟೆಲಿಸ್ಕೋಪಿನಾಗ ಗ್ಯಾಲಕ್ಸಿಯ ಜೆಟ್ (ನಡುವಿನಿಂದ ಭಾರೀ ವೇಗದಾಗ ಚಿಮ್ಮೋ ಧಾರೆ) ಕಾಣಸ್ತೈತೇನು ಅಂತ ಕೇಳಿದ್ದಿ. ಈಗ ಹೇಳೋ ಗ್ಯಾಲಕ್ಸಿಯ ಜೆಟ್ಟಿನ ಆಕಾರ ಕಾಣಂಗಿಲ್ಲ. ಅದರ ಬೆಳಕಿನ ಏರಿಳಿತ ಮಾತ್ರ ಖರೇನ ಅಳೀಬಹುದು.

ಬಿ.ಎಲ್. ಲ್ಯಾಸರ್ಟೆಯಿಂದ ಸುರು ಮಾಡು. 1929ರಾಗ ಜರ್ಮನಿಯ ಖಗೋಳ ವಿಜ್ಞಾನಿ ಹಾಫ್‌ಮೈಸ್ಟರ್ ಅದನ್ನ ಬೆಳಕು ಬದಲಾಗೋ ಚುಕ್ಕಿ ಅಂತ ಬರಕೊಂಡಿದ್ದರು. 1968ರಾಗ ರೇಡಿಯೊ ಅಲೆ ಬೀರೋ ಆಕಾಶದ ಒಂದು ಮೂಲದ ಜೋಡಿ ತಾಳೆ ಆದಮ್ಯಾಲೆ ಅದರ ಖರೇ ಗುರುತು ಸಿಕ್ಕತು. ಸುಮಾರು 90 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ ಅದು. ನಡುವಿನ ಕಪ್ಪುಕುಳಿ ಹತ್ರಿಂದ ಚಿಮ್ಮೋ ಜೆಟ್ ನಮ್ಮ ಕಡೇನ ಮುಖ ಮಾಡೈತಿ, ಅದಕ್ಕ ಅಷ್ಟು ಬೆಳಗತೈತಿ. ಮಳಿ ಹಿಂದಾದ ಮ್ಯಾಲೆ, ಅಕ್ಟೋಬರ್ ಮೂರನೇ ವಾರ ರಾತ್ರಿ ಎಂಟೂವರೆ ಸುಮಾರಿಗೆ, ಗದಗಿನಿಂದ ಉತ್ತರಕ್ಕ 63 ಡಿಗ್ರಿ ಎತ್ತರದಾಗ ಇರ್ತೈತಿ. ಊರ ದೀಪದಿಂದ ದೂರ, ಕಪ್ಪತಗುಡ್ಡದ ಕಡೆ ಹೋದ್ರ ಚಲೋ.

ಆರ್ ಫಿಲ್ಟರ್ (ಕೆಂಪು ಬೆಳಕು ಮಾತ್ರ ಬಿಡೋ ಗಾಜು) ಹಾಕಿ 60 ಸೆಕೆಂಡಿನ ಫ್ರೇಮು ಸಾಲಾಗಿ ತಗೋ. ಕ್ಯಾಮೆರಾ 16 ಬಿಟ್ಟಿನದಾದ್ರ ಚುಕ್ಕಿಯ ನಟ್ಟನಡುವಿನ ಪಿಕ್ಸೆಲ್ಲಿನಾಗ ಕ್ಯಾಮೆರಾ ತೋರೋ ಬೆಳಕಿನ ಎಣಿಕಿ 40,000 ದಾಟಬಾರದು. ಡಾರ್ಕ್ ಫ್ರೇಮು (ಮುಚ್ಚಳ ಹಾಕಿ ತಗದ ಫೋಟೊ) ಅಷ್ಟೇ ಹೊತ್ತಿನವು, ಅಷ್ಟೇ ತಂಪಿನಾಗ ತಗದವು ಇರಬೇಕು. ಫ್ಲಾಟ್ ಫ್ರೇಮು (ಒಂದೇ ಸಮ ಬೆಳಗೋ ಆಕಾಶದ ಫೋಟೊ) ಹೊತ್ತು ಮುಳುಗಿದ ಕೂಡಲೆ ತಗದು, ಆಮ್ಯಾಲೆ ಕ್ಯಾಮೆರಾ ತಿರುಗಿಸಬ್ಯಾಡ, ಫೋಕಸ್ ಮುಟ್ಟಬ್ಯಾಡ. ನಮ್ಮ ಕಡೆ ಧೂಳು ಭಾಳ. ಫಿಲ್ಟರ್ ಇಲ್ಲಾ ಕ್ಯಾಮೆರಾ ಗಾಜಿನ ಮ್ಯಾಲಿನ ಒಂದು ಕಣ ಚುಕ್ಕಿಯ ಬೆಳಕು ನುಂಗಿದ್ರ ಅದನ್ನ ತಿದ್ದೋದು ಫ್ಲಾಟ್ ಒಂದ.

ಅದೇ ಫ್ರೇಮಿನಾಗಿನ ಒಂದು ಸ್ಥಿರ ಚುಕ್ಕಿ ಜೋಡಿ ಲ್ಯಾಸರ್ಟೆಯನ್ನ ಹೋಲಿಸಬೇಕು. ತೆಳು ಮೋಡ ಬಂದ್ರ ಎರಡೂ ಒಟ್ಟಿಗೆ ಮಂಕಾಗ್ತಾವ, ಅವುಗಳ ಅಂತರ ಕೆಡಂಗಿಲ್ಲ. ಇನ್ನೊಂದು ಚುಕ್ಕಿಯನ್ನ ಬರೇ ಪರೀಕ್ಷೆಗೆ ಇಟ್ಕೋ. ಅದು 0.02 ಮ್ಯಾಗ್ನಿಟ್ಯೂಡ್ (ಚುಕ್ಕಿ ಬೆಳಕು ಅಳಿಯೋ ಮಾನ) ಓಲಾಡಿದ್ರ, ಲ್ಯಾಸರ್ಟೆಯ 0.03 ಬದಲಾವಣೆ ನಂಬಬ್ಯಾಡ. 0.1 ಆದ್ರ ನಂಬು.

ಹೊಸಬರು ಮೋಸ ಹೋಗೋ ಜಾಗ ಬ್ಯಾರೇನ ಐತಿ. ಜೆಟ್ಟಿನ ಸುತ್ತ ಗ್ಯಾಲಕ್ಸಿಯ ಬೆಳಕೂ ಹರಡಿರ್ತೈತಿ. ಹವಾ ಅಲುಗಾಡಿದಾಗ ಚುಕ್ಕಿಯ ಬೆಳಕು ಅಳತಿಯ ವರ್ತುಲದ (ಬೆಳಕು ಕೂಡಿಸಾಕ ಫ್ರೇಮಿನಾಗ ಚುಕ್ಕಿ ಸುತ್ತ ಎಳೆಯೋ ಗುಂಡು ಗೆರಿ) ಹೊರಗ ಚೆಲ್ಲತೈತಿ, ಗ್ಯಾಲಕ್ಸಿಯದ್ದು ಅಷ್ಟು ಚೆಲ್ಲಂಗಿಲ್ಲ. ಹಿಂಗಾಗಿ ಲ್ಯಾಸರ್ಟೆ ಸುಳ್ಳಸುಳ್ಳ ಬೆಳಗಿದಂಗ ತೋರತೈತಿ. ವರ್ತುಲದ ಅಳತಿ ಎಲ್ಲಾ ಫ್ರೇಮಿಗೂ ಒಂದ ಇಡು. ಚುಕ್ಕಿಗಳ ಅಗಲದ ಗ್ರಾಫು ಬಾಜೂಕ ಹಾಕಿ ನೋಡು. ಎರಡೂ ಒಟ್ಟಿಗೆ ಏರಿಳಿದ್ರ ಅದು ಜೆಟ್ಟಿನ ಆಟ ಅಲ್ಲ, ಗಾಳಿದು.

ಖರೇನ ಆರು ತಾಸಿನಾಗ ಬೆಳಕು ದುಪ್ಪಟ್ಟಾತು ಅನಕೋ. ಒಂದು ತುಣುಕು ಪೂರ್ತಿ ಬೆಳಗಾಕ, ಬೆಳಕು ಅದನ್ನ ದಾಟೋ ಹೊತ್ತಾದ್ರೂ ಬೇಕು. ಆರು ತಾಸಿಗೆ ಬೆಳಕು ಓಡೋದು 648 ಕೋಟಿ ಕಿ.ಮೀ. ಜೆಟ್ ನಮ್ಮತ್ತ ಬರೋ ವೇಗದಿಂದ ಆ ಹೊತ್ತು ನಮಗ ಹತ್ತು ಪಟ್ಟು ಕುಗ್ಗಿ ಕಂಡೈತಿ ಅಂತ ಹಿಡಿದ್ರ, ವಿಶ್ವ ಹಿಗ್ಗೋದರ ಸಣ್ಣ ತಿದ್ದುಪಡಿ ಕಳದು, ಬೆಳಗೋ ತುಣುಕು ಸುಮಾರು 6,000 ಕೋಟಿ ಕಿ.ಮೀ.ಕಿಂತ ದೊಡ್ಡದಿರಾಕ ಸಾಧ್ಯ ಇಲ್ಲ. ಯಾವ ಟೆಲಿಸ್ಕೋಪಿಗೂ ಬಿಡಿಸಿ ಕಾಣದಷ್ಟು ಸಣ್ಣ ಜಾಗದ ಅಳತಿ ಬರೇ ಗಡಿಯಾರದಿಂದ ಸಿಗತೈತಿ.

ಅದಕ್ಕ ಲ್ಯಾಪ್‌ಟಾಪಿನ ಗಡಿಯಾರ ಮೊದಲ ಸರಿ ಮಾಡ್ಕೋ. ನಮ್ಮ ವ್ಯಾಳ್ಯಾದಾಗ ಐದೂವರೆ ತಾಸು ಕಳದು ಯೂನಿವರ್ಸಲ್ ಟೈಮಿನಾಗ ಬರಿ. ಮೊದಲ ರಾತ್ರಿಯ ಫೈಲು ಕಳಿಸು, ಫ್ಲಾಟ್ ಮತ್ತ ಡಾರ್ಕ್ ಸಮೇತ.

ನಿನ್ನ ಅಕ್ಕ