ನನ್ ತಲೆ ಮೇಲೆ ಬರುತ್ತಲ್ವಾ ಅಂದ್ಯಲ್ಲ

ಪುಟ್ಟೀ,

ನಿನ್ನ ಮೇಲ್ ಓದಿದ್ದು ನಿನ್ನೆ ರಾತ್ರಿ, ಆಮೇಲೆ ನಿದ್ದೆನೇ ಹತ್ಲಿಲ್ಲ. ಕೋಡಿಂದ ವೆಬ್ ಸರ್ವರನ್ನ ಕೇಳಿ ಡೇಟಾ ತರೋಕೆ ಪೈಥಾನ್ ಭಾಷೆ ಜೊತೆಗೇ ಬರೋ ಯುಆರ್‌ಎಲ್‌ಲಿಬ್ ಸಾಕಾ, ಇಲ್ಲ ಬೇರೆಯವರು ಬರೆದಿಟ್ಟ ರಿಕ್ವೆಸ್ಟ್ಸ್ ಅನ್ನೋ ಲೈಬ್ರರಿ ಹಾಕ್ಕೊಳ್ಲಾ ಅಂತ ಕೇಳಿದ್ದೀಯ, ಅದಕ್ಕೆ ಉತ್ತರ ಕೊಡಬಹುದು. ಆದ್ರೆ ಕೊನೇಲಿ ಬರೆದಿದ್ಯಲ್ಲ, "ಹೊರಗಿನ ಲೈಬ್ರರಿ ಹಾಕಿ ನಾಳೆ ಏನಾದ್ರೂ ಕೆಟ್ರೆ ನನ್ ತಲೆ ಮೇಲೆ ಬರುತ್ತಲ್ವಾ ಮಾವ" ಅಂತ, ಅದು ಕೊರೀತಾ ಇದೆ.

ಅದೇ ಭಯ ನನಗೂ ಇತ್ತು ಕಣೇ. 2014ರಲ್ಲಿ ನಮ್ಮ ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗ ರಿಕ್ವೆಸ್ಟ್ಸ್ ಹಾಕೋಣ ಸಾರ್ ಅಂದ, ಬೇಡ, ಪೈಥಾನಲ್ಲೇ ಇರೋದನ್ನ ಬಳಸಿದ್ರೆ ಯಾರೂ ನಮ್ಮನ್ನ ಕೇಳಲ್ಲ ಅಂದೆ. ಆಗಿನ ಪೈಥಾನ್ 2ರಲ್ಲಿದ್ದ ಯುಆರ್‌ಎಲ್‌ಲಿಬ್2 ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನ ತಾನಾಗಿ ಚೆಕ್ಕೇ ಮಾಡ್ತಿರ್ಲಿಲ್ಲ, ಆಚೆ ಕಡೆ ಇರೋದು ನಿಜವಾದ ಸರ್ವರ್ರೋ ಮಧ್ಯೆ ಕೂತ ಕಳ್ಳನೋ ಅದಕ್ಕೆ ಗೊತ್ತಾಗ್ತಿರ್ಲಿಲ್ಲ, ಆ ವರ್ಷ ಡಿಸೆಂಬರಲ್ಲಿ ಪೈಥಾನ್ 2.7.9 ಬಂದ ಮೇಲೆ ಸರಿಹೋಯ್ತು. ರಿಕ್ವೆಸ್ಟ್ಸ್ ಅಷ್ಟೊತ್ತಿಗಾಗ್ಲೇ ಚೆಕ್ ಮಾಡ್ತಿತ್ತು. ಹುಡುಗ ಇದನ್ನೇ ಹೇಳೋಕೆ ಬಂದಿದ್ದ, ನಾನು ಕೇಳಿಸ್ಕೊಳ್ಲಿಲ್ಲ, ತಲೆ ಮೇಲೆ ಬರಬಾರ್ದು ಅನ್ನೋದೊಂದೇ ಇತ್ತು ನನಗೆ.

ಆಮೇಲೆ ಒಂದಿನ ರಾತ್ರಿ ತಾನಾಗಿ ಓಡೋ ಪ್ರೋಗ್ರಾಂ ನಿಂತೋಯ್ತು. ಆಚೆ ಸರ್ವರ್ ಕನೆಕ್ಷನ್ ಹಿಡ್ಕೊಂಡು ಉತ್ತರನೇ ಕೊಟ್ಟಿಲ್ಲ, ನಮ್ಮ ಕೋಡಲ್ಲಿ ಟೈಮ್‌ಔಟ್ ಇಲ್ಲ, ಅಂದ್ರೆ ಇಷ್ಟೊತ್ತು ಕಾದು ಬಿಟ್ಬಿಡು ಅಂತ ಹೇಳಿಲ್ಲ, ಬೆಳಗಿನ ತನಕ ಕಾಯ್ತಾ ಕೂತಿದೆ. ಬರೆದೋರು ಯಾರು ಅಂತ ಮೀಟಿಂಗಲ್ಲಿ ಕೇಳಿದಾಗ ಆ ಹುಡುಗನ ಹೆಸರು ಬಂತು. ಆ ಕೋಡ್ ನೋಡಿ ಸರಿ ಇದೆ ಅಂದಿದ್ದು ನಾನು. ಬಾಯಿ ಬಿಡ್ಲಿಲ್ಲ. ಮೂರು ತಿಂಗಳಿಗೆ ಅವನು ಕೆಲ್ಸ ಬಿಟ್ಟ, ಹೋಗ್ವಾಗ ನನಗೆ ಕೈ ಮುಗಿದು ಹೋದ.

ಟೈಮ್‌ಔಟ್ ಮಾತ್ರ ಮರೀಬೇಡ, ಎರಡ್ರಲ್ಲೂ ತಾನಾಗಿ ಬರಲ್ಲ, ನೀನೇ ಕೊಡ್ಬೇಕು. ಇನ್ನೊಂದು, ಕೇಳಿದ ಪುಟ ಇಲ್ಲ ಅಂತ 404 ಬಂದ್ರೆ ಯುಆರ್‌ಎಲ್‌ಲಿಬ್ ಎರರ್ ಕೊಡುತ್ತೆ, ರಿಕ್ವೆಸ್ಟ್ಸ್ ಏನೂ ಆಗಿಲ್ಲ ಅನ್ನೋ ಹಾಗೆ ರೆಸ್ಪಾನ್ಸ್ ಕೈಗಿಡುತ್ತೆ, ಅಲ್ಲೂ ಎರರ್ ಬರ್ಬೇಕಂದ್ರೆ ರೈಸ್ ಫಾರ್ ಸ್ಟೇಟಸ್ (raise_for_status) ಅನ್ನೋ ಫಂಕ್ಷನ್ ನೀನೇ ಕರೀಬೇಕು. ನಿನಗೆ ಗೊತ್ತಿರೋದೇ ಇರಬಹುದು, ಬೇಜಾರಾಗ್ಬೇಡ. ದಿನಕ್ಕೊಂದ್ಸಲ ಒಂದು ಜೇಸನ್ ಡೇಟಾ ಫೈಲ್ ತರೋ ಸ್ಕ್ರಿಪ್ಟಾದ್ರೆ ಒಳಗಿರೋದೇ ಸಾಕು, ಲಾಗಿನ್, ಕುಕ್ಕಿ, ಫೈಲ್ ಅಪ್‌ಲೋಡ್ ಅಂತ ಇದ್ರೆ ರಿಕ್ವೆಸ್ಟ್ಸೇ ಹಾಕು.

ತಲೆ ಮೇಲೆ ಬರುತ್ತೆ ಅಂದ್ಯಲ್ಲ, ಯಾರಾದ್ರೂ ಕೇಳಿದ್ರೆ ಪೈಥಾನಿನವರ ಡಾಕ್ಯುಮೆಂಟೇಶನ್ ತೋರ್ಸು, ಯುಆರ್‌ಎಲ್‌ಲಿಬ್ ಪುಟದಲ್ಲೇ ರಿಕ್ವೆಸ್ಟ್ಸ್ ಬಳಸಿ ಅಂತ ಅವರೇ ಬರೆದಿದ್ದಾರೆ. ಹಾಗಂತ ಹೊರಗಿನದು ಕೈ ಕೊಡಲ್ಲ ಅಂತಲ್ಲ, ಜಾವಾಸ್ಕ್ರಿಪ್ಟಿನ ನೋಡ್‌ಜೆಎಸ್‌ನಲ್ಲಿ ಅಷ್ಟು ಜನ ನಂಬಿದ್ದ ರಿಕ್ವೆಸ್ಟ್ ಅನ್ನೋ ಬೇರೆ ಪ್ಯಾಕೇಜನ್ನೇ ಅದನ್ನ ನೋಡ್ಕೊಳ್ತಿದ್ದೋರು 2020ರಲ್ಲಿ ನಿಲ್ಲಿಸಿದ್ರು. ಅದಕ್ಕೇ ಲೈಬ್ರರಿನ ಕರೆಯೋ ಕೋಡೆಲ್ಲ ಒಂದೇ ಫಂಕ್ಷನಲ್ಲಿ ಇಟ್ಕೊಂಡಿರು, ನಾಳೆ ಬದಲಾಯ್ಸೋದಾದ್ರೆ ಒಂದೇ ಕಡೆ ಕೈ ಹಾಕಿದ್ರೆ ಆಯ್ತು.

ಇಷ್ಟೆಲ್ಲ ಬರೆದ್ರೂ ನನಗೆ ಇನ್ನೂ ಒಂದು ಗೊತ್ತಾಗ್ಲಿಲ್ಲ. ನಿನ್ನ ಕೋಡ್ ರಿವ್ಯೂ ಮಾಡೋರು ಯಾರು? ಏನಾದ್ರೂ ಆದ್ರೆ "ನಾನೂ ನೋಡಿದ್ದೆ" ಅಂತ ಎದ್ದು ಹೇಳೋ ಥರದವ್ರಾ? ಅದನ್ನ ಬರಿ.

ನಿನ್ನ ಮಾವ