ಕಲಿಸು, ಇಲ್ಲವೇ ಕಲಿ: ಹರ್ಗೇಸಾದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿ ಎರಡು ದಿನ ಸುಮ್ನೆ ಕೂತಿದ್ದೆ. ಒಂಬತ್ತನೇ ಕ್ಲಾಸಿನ ಆ ಹುಡುಗಿ ಕುರಿ ಮಂದೆಯ ಜೊತೆ ಹೋದವಳು ದಸರಾ ರಜೆ ಮುಗಿದರೂ ಶಾಲೆಗೆ ಬರಲಿಲ್ಲ ಎಂದು ಬರೆದಿದ್ದೀಯ. ಅದರ ಕೆಳಗೇ, ‘ಚಳ್ಳಕೆರೆ ಸೀಮೆಯಲ್ಲಿ ಹದಿನಾರು ವರ್ಷ ಪಾಠ ಮಾಡಿ ನಾನು ಕಡಿದು ಕಟ್ಟೆ ಹಾಕಿದ್ದೇನು?’ ಎಂದು ಕೇಳಿದ್ದೀಯ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಕಣೋ. ಆದರೆ ಇಲ್ಲಿ, ಆಫ್ರಿಕಾದ ಸೋಮಾಲಿಲ್ಯಾಂಡಿನ ಈ ಹರ್ಗೇಸಾದಲ್ಲಿ, ನನ್ನ ಕ್ಲಾಸಿನಲ್ಲಿರುವ ಒಬ್ಬ ಹುಡುಗಿಯ ವಿಷಯ ನಿನಗೆ ಹೇಳಲೇಬೇಕು ಅನ್ನಿಸಿತು. ಇನ್ನೂ ನಾಲ್ಕು ಜನ ಮೇಷ್ಟ್ರುಗಳು ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಅದಕ್ಕೇ ಅವಳ ಹೆಸರು ಬರೆಯುವುದಿಲ್ಲ.

ಅವಳು ಫಾರ್ಮ್ ಫೋರ್. ನಮ್ಮ ಎರಡನೇ ಪಿಯುಸಿ ಅಂದುಕೋ. ಹದಿನೆಂಟು ವರ್ಷ. ಅವಳ ಅಮ್ಮ ಒಂಟೆ ಹಾಲು ಮಾರುತ್ತಾರೆ. ಹಳ್ಳಿಗಾಡಿನಿಂದ ಹಾಲಿನ ಕ್ಯಾನುಗಳು ಗಾಡಿಯಲ್ಲಿ ಬಂದು ಇಳಿಯುತ್ತವೆ. ಇವಳು ಬೆಳಗ್ಗೆ ಅಮ್ಮನ ಜೊತೆ ಅಳೆದು ಕೊಟ್ಟು, ಮನೆಗೆ ಹೋಗಿ ಲಹೋಹ್ ತಿಂದು ಶಾಲೆಗೆ ಬರುತ್ತಾಳೆ. ಲಹೋಹ್ ಅಂದರೆ ರಾತ್ರಿಯೇ ಹಿಟ್ಟು ಹುದುಗು ಬರಿಸಿ, ಒಂದೇ ಮಗ್ಗುಲು ಬೇಯಿಸುವ ತೂತು ತೂತಿನ ದೋಸೆ. ಮೇಲೆ ತುಪ್ಪ, ಸಕ್ಕರೆ. ಜೊತೆಗೆ ಏಲಕ್ಕಿ ಹಾಕಿದ ಚಹಾ. ಅದನ್ನು ಇವರು ‘ಶಾಹ್’ ಅನ್ನುತ್ತಾರೆ. ನೀನಿಲ್ಲಿದ್ದರೆ ಊಟದ ಚಿಂತೆ ಇರುತ್ತಿರಲಿಲ್ಲ.

ನಾನು ಬಯಾಲಜಿ ಕಲಿಸುವುದು ಇಂಗ್ಲಿಷಿನಲ್ಲಿ. ಎಂಟನೇ ಕ್ಲಾಸಿನವರೆಗೆ ಇಲ್ಲಿನ ಮಕ್ಕಳು ಸೋಮಾಲಿಯಲ್ಲಿ ಓದುತ್ತಾರೆ. ಹೈಸ್ಕೂಲಿಗೆ ಬಂದ ಕೂಡಲೇ ಎಲ್ಲಾ ಇಂಗ್ಲಿಷ್. ನಾವಿಬ್ಬರೂ ಕನ್ನಡ ಮೀಡಿಯಮ್ಮಿನಿಂದ ಹೋಗಿ ಪಿಯುಸಿ ಸೈನ್ಸ್ ಕ್ಲಾಸಿನಲ್ಲಿ ಕೂತ ಮೊದಲ ವಾರ ನೆನಪಿದೆಯಾ? ಅದೇ ಮುಖಗಳನ್ನು ಇಲ್ಲಿ ದಿನಾ ನೋಡುತ್ತೇನೆ. ಈ ಹುಡುಗಿ ಮಾತ್ರ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದಾಳೆ. ಪುಸ್ತಕದ ಚಿತ್ರ ತೋರಿಸಿ ಅಜ್ಜಿಯನ್ನು ಕೇಳುತ್ತಾಳೆ. ಅಜ್ಜಿ ಒಂಟೆ, ಮೇಕೆಗಳ ನಡುವೆ ಬೆಳೆದವರು. ಹೃದಯಕ್ಕೆ ‘ವದ್ನೆ’, ಕರುಳಬಳ್ಳಿ ಕೂಡುವ ಹೊಕ್ಕುಳಿಗೆ ‘ಹುದ್ದುನ್’, ಪ್ಲಾಸೆಂಟಾಗೆ ‘ಮಂಡೇರ್’. ಅದು ಪೂರ್ತಿ ಬೀಳದಿದ್ದರೆ ಒಂಟೆಗೆ ಏನಾಗುತ್ತದೆ, ಹೆಂಗಸಿಗೆ ಏನಾಗುತ್ತದೆ, ಅದೂ ಅವರಿಗೆ ಗೊತ್ತು. ನಿಮ್ಮ ಕಡೆ ಹಸು ಈದರೆ ‘ಕಸ ಬಿತ್ತಾ?’ ಎಂದು ಕೇಳುತ್ತಾರಲ್ಲ, ಅದೇ ಕಣೋ. ಅವಳ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಒಂದು ಸಾಲು, ಅಜ್ಜಿಯ ಮಾತು ಒಂದು ಸಾಲು. ಇಂಥ ನೋಟ್ಸ್ ನಾನು ಯಾವ ವಿದ್ಯಾರ್ಥಿಯ ಹತ್ತಿರವೂ ನೋಡಿರಲಿಲ್ಲ.

ಒಂದು ಶುಕ್ರವಾರ, ಅಂದರೆ ಇಲ್ಲಿನ ರಜಾ ದಿನ, ಅವಳ ಅಮ್ಮ ನನ್ನನ್ನು ಊಟಕ್ಕೆ ಕರೆದರು. ಅಜ್ಜಿ ಅಂಗಳದಲ್ಲಿ ಚಾಪೆಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಮೊಮ್ಮಗಳ ಪುಸ್ತಕ ತಿರುವುತ್ತಿದ್ದರು. ಮೇಕೆ ಕಾಯ್ದವರು ಓದಲು ಕಲಿತದ್ದು ಹೇಗೆ ಎಂದು ಕೇಳಿದೆ. ಅವರು ಹೇಳಿದ್ದನ್ನೆಲ್ಲ ಹುಡುಗಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು.

ಸೋಮಾಲಿ ಜನಕ್ಕೆ ಸಾವಿರಾರು ಸಾಲು ಪದ್ಯ ಬಾಯಿಗೆ ಬರುತ್ತಿತ್ತು, ಆದರೆ ಅವರ ಭಾಷೆಗೆ ಸರ್ಕಾರ ಒಪ್ಪಿದ ಲಿಪಿ ಇರಲಿಲ್ಲ. ಅರೇಬಿಕ್ ಲಿಪಿ ಬೇಕು ಎಂದವರಿದ್ದರು. ಅಲ್ಲಿಯವರೇ ಕಟ್ಟಿದ ಉಸ್ಮಾನಿಯಾ ಲಿಪಿ ಬೇಕು ಎಂದವರೂ ಇದ್ದರು. ಕೊನೆಗೆ 1972ರಲ್ಲಿ ಲ್ಯಾಟಿನ್ ಅಕ್ಷರ ಗಟ್ಟಿಯಾಯಿತು. ಅಂದರೆ ಈ ಬರಹಕ್ಕೆ ವಯಸ್ಸು ಅಜ್ಜಿಗಿಂತ ಕಡಿಮೆ! ಎರಡು ವರ್ಷ ಕಳೆದು, 1974ರಲ್ಲಿ, ಸರ್ಕಾರ ಹೈಸ್ಕೂಲುಗಳನ್ನೆಲ್ಲ ಮುಚ್ಚಿ, 25,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು, ಮೇಷ್ಟ್ರುಗಳನ್ನು ಹಳ್ಳಿಗಾಡಿಗೆ, ಅಲೆಮಾರಿಗಳ ಬಿಡಾರಗಳಿಗೆ ಅಕ್ಷರ ಕಲಿಸಲು ಕಳಿಸಿತು. ‘ಬರ್ ಅಮಾ ಬರೊ’ ಎಂಬ ಕೂಗು ಹೊರಟಿತು. ಕಲಿಸು, ಇಲ್ಲವೇ ಕಲಿ. ನಮ್ಮ ‘ಕಲಿ’, ‘ಕಲಿಸು’ ಇದ್ದ ಹಾಗೇ ಅವರ ‘ಬರೊ’, ‘ಬರ್’ ಕೂಡ ಒಂದೇ ಬೇರಿನ ಮಾತು, ನೋಡು.

ಆಗ ಈ ಅಜ್ಜಿಗೆ ಹನ್ನೊಂದೋ ಹನ್ನೆರಡೋ. ಹೌದ್ ಎಂಬ ಹುಲ್ಲುಗಾವಲಿನಲ್ಲಿ ಅವರ ಬಿಡಾರ. ಅಲ್ಲಿಗೆ ಹರ್ಗೇಸಾದ ಒಬ್ಬ ಹುಡುಗ ಬಂದ. ಹದಿನೇಳು ವರ್ಷ ಇರಬಹುದು. ಕರಿ ಹಲಗೆ ಹೊತ್ತು ತಂದಿದ್ದ. ಪೇಟೆ ಹುಡುಗ, ಒಂಟೆ ಕರೆಯಲು ಬರುತ್ತಿರಲಿಲ್ಲ, ಬಿಡಾರದವರೇ ಕಲಿಸಿದರಂತೆ. ಹಗಲು ಮೇಕೆ ಕಾಯುವುದು, ಸಂಜೆ ದೊಡ್ಡಿಗೆ ಕೂಡಿದ ಮೇಲೆ ಜಾಲಿ ಮರಕ್ಕೆ ಹಲಗೆ ಒರಗಿಸಿ ಪಾಠ. ಮರುದಿನ ಮೇಕೆಗಳ ಹಿಂದೆ ಹೋಗುತ್ತಾ ಅಜ್ಜಿ ಮರಳಿನ ಮೇಲೆ ಕಡ್ಡಿಯಿಂದ ಅದೇ ಅಕ್ಷರ ತಿದ್ದುತ್ತಿದ್ದರು. ಅದೇ ಹೊತ್ತಿಗೆ ಬರ ಬಂತು. ಮುಗಿಯುವುದೇ ಇಲ್ಲ ಅನ್ನಿಸಿದ ಆ ಬರಕ್ಕೆ ಜನ ‘ದಬಡೇರ್’ ಎಂದು ಹೆಸರಿಟ್ಟರು. ಉದ್ದ ಬಾಲದ್ದು ಎಂದರ್ಥ. ಮೇಕೆಗಳು ಸತ್ತವು. ಬಿಡಾರ ಚದುರಿತು. ಹುಡುಗ ಪೇಟೆಗೆ ವಾಪಸ್ ಹೋದ. ಹೋಗುವಾಗ ಅರ್ಧ ಬರೆದ ಒಂದು ನೋಟ್‌ಬುಕ್ ಕೊಟ್ಟು ಹೋದ. ಒಟ್ಟು ಏಳು ತಿಂಗಳ ಪಾಠ ಅಷ್ಟೆ. ಅಜ್ಜಿ ಓದಿದ್ದು ಅಷ್ಟೇ.

ಆಮೇಲೆ ಮದುವೆಯಾಗಿ ಅಜ್ಜಿ ಇದೇ ಹರ್ಗೇಸಾಕ್ಕೆ ಬಂದರು. 1988ರಲ್ಲಿ, ಆಗ ಇಡೀ ಸೋಮಾಲಿಯಾವನ್ನು ಆಳುತ್ತಿದ್ದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಸರ್ಕಾರ ತನ್ನದೇ ಊರಿನ ಮೇಲೆ ಬಾಂಬು ಹಾಕಿಸಿತು. ಈ ಊರಿನ ವಿಮಾನ ನಿಲ್ದಾಣದಿಂದಲೇ ಏರಿ ಈ ಊರಿನ ಮೇಲೆಯೇ ಬಾಂಬು ಹಾಕಿದವು ಆ ವಿಮಾನಗಳು. ಅವುಗಳಲ್ಲಿ ಒಂದನ್ನು ಪೇಟೆಯ ನಡುವೆ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ದಿನಾ ಅದರ ಪಕ್ಕದಲ್ಲೇ ಹಾದು ಹೋಗುತ್ತೇನೆ. ಅಜ್ಜಿ ನಾಲ್ಕು ವರ್ಷದ ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಇಥಿಯೋಪಿಯಾದ ಗಡಿ ದಾಟಿದರು. ಹರ್ತಿಶೇಖ್ ಎಂಬ ನಿರಾಶ್ರಿತರ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದರು. ಅಲ್ಲಿ ಮಗಳನ್ನು ಶಾಲೆಗೆ ಕಳಿಸಲು ಆಗಲಿಲ್ಲ. ಮಣ್ಣಿನ ಮೇಲೆ ಕಡ್ಡಿಯಿಂದ ತಾವೇ ಬರೆಸಿದರು. ಆ ಮಗಳೇ ಈಗ ಒಂಟೆ ಹಾಲಿನ ಲೆಕ್ಕವನ್ನು ಉದ್ದ ಪುಸ್ತಕದಲ್ಲಿ ಬರೆದಿಡುವುದು.

ಮೂರು ವರ್ಷದ ಹಿಂದೆ ಈ ಮನೆಯ ಹಿರಿಯ ಹುಡುಗ ಯಾರಿಗೂ ಹೇಳದೆ ಹೊರಟುಬಿಟ್ಟ. ಇಲ್ಲಿ ಅದಕ್ಕೆ ‘ತಹ್ರೀಬ್’ ಅನ್ನುತ್ತಾರೆ. ಮರುಭೂಮಿ ದಾಟಿ ಲಿಬಿಯಾ, ಅಲ್ಲಿಂದ ದೋಣಿಯಲ್ಲಿ ಯುರೋಪು. ಲಿಬಿಯಾದಲ್ಲಿ ದಲ್ಲಾಳಿಗಳು ಹಿಡಿದಿಟ್ಟು ಮನೆಗೆ ಫೋನ್ ಮಾಡಿದರು. ಕೊಂಡಿದ್ದ ಸೈಟು ಮಾರಿ ದುಡ್ಡು ಕಳಿಸಿದರು. ಹುಡುಗ ಬದುಕಿ ಯುರೋಪು ಸೇರಿದ್ದಾನೆ. ಆದರೆ ಆ ವರ್ಷ ಇವಳ ಫೀಸಿಗೆ ಮನೆಯಲ್ಲಿ ಒಂದು ಶಿಲ್ಲಿಂಗೂ ಉಳಿದಿರಲಿಲ್ಲ. ಅಮ್ಮ ‘ಹಗ್ಬದ್’ ಕಟ್ಟುತ್ತಿದ್ದರು. ಹಗ್ಬದ್ ಅಂದರೆ ನಮ್ಮ ಹೆಂಗಸರ ಚೀಟಿಯೇ, ತಿಂಗಳಿಗೊಬ್ಬರ ಸರದಿ. ಇವರ ಸರದಿ ಇನ್ನೂ ಏಳು ತಿಂಗಳು ದೂರ ಇತ್ತು. ಮಾರ್ಕೆಟ್ಟಿನ ಹೆಂಗಸರು ಸೇರಿ ಅದನ್ನು ಮುಂದಕ್ಕೆ ತಂದುಕೊಟ್ಟರು. ಆ ದುಡ್ಡಿನಲ್ಲಿ ಇವಳ ಫೀಸು ಕಟ್ಟಿದ್ದು.

ಸೂಲಗಿತ್ತಿ ಆಗಬೇಕು ಅನ್ನುವುದು ಇವಳ ಆಸೆ. ಕೋರ್ಸ್ ಮಾಡಿ, ಲೈಸೆನ್ಸ್ ಪಡೆದ ಸೂಲಗಿತ್ತಿ. ಅದಕ್ಕೆ ಈ ಊರಿನಲ್ಲಿ ದೊಡ್ಡ ಉದಾಹರಣೆಯೇ ಇದೆ. ಎಡ್ನಾ ಆದನ್ ಇಸ್ಮಾಯಿಲ್ ಎಂಬಾಕೆ ಬ್ರಿಟನ್ನಿನಲ್ಲಿ ನರ್ಸಿಂಗ್, ಹೆರಿಗೆ ಕೆಲಸ ಕಲಿತು ಬಂದವರು. ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೆ ತಮ್ಮ ಉಳಿತಾಯದ ಹಣ ಹಾಕಿ ಇಲ್ಲೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಿದರು. 2002ರಲ್ಲಿ ಅದು ಬಾಗಿಲು ತೆರೆಯಿತು. ಹುಡುಗಿಯರಿಗೆ ಸೂಲಗಿತ್ತಿ ಕೆಲಸವನ್ನೂ ಅಲ್ಲಿ ಕಲಿಸುತ್ತಾರೆ. ಆದರೆ ಇವಳ ಮನಸ್ಸು ಹರ್ಗೇಸಾದಲ್ಲಿ ನಿಲ್ಲುವುದಲ್ಲ. ಕಲಿತು ಹೌದ್ ಕಡೆಗೆ, ಅಜ್ಜಿಯ ಜನರ ಬಿಡಾರಗಳಿಗೆ ಹೋಗಬೇಕಂತೆ. ಅಲ್ಲಿ ಹೆರಿಗೆ ಕಷ್ಟವಾದರೆ ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗುತ್ತದೆ. ಅಜ್ಜಿಯ ಅಕ್ಕ ಹಾಗೇ ಹೋದವರು.

ಇಲ್ಲಿ ಮಕ್ಕಳಿಗೆ ತಂದೆ, ಅಜ್ಜ, ಮುತ್ತಜ್ಜ ಎಂದು ಇಪ್ಪತ್ತು ತಲೆಮಾರಿನ ಹೆಸರು ಬಾಯಿಪಾಠ ಮಾಡಿಸುತ್ತಾರೆ. ಅಬ್ತಿರ್ಸಿ ಅನ್ನುತ್ತಾರೆ. ಹುಡುಗಿ ನನ್ನೆದುರು ಗಡಗಡ ಹೇಳಿದಳು. ಹೇಳಿ ಮುಗಿಸಿ, ‘ಟೀಚರ್, ಇದರಲ್ಲಿ ಅಜ್ಜಿಯ ಹೆಸರು ಎಲ್ಲೂ ಬರುವುದಿಲ್ಲ’ ಅಂದಳು. ನಾನು ಅಜ್ಜಿಯನ್ನು ಕೇಳಿದೆ, ಆ ಮೇಷ್ಟ್ರು ಹುಡುಗನ ಹೆಸರು ನೆನಪಿದೆಯಾ ಎಂದು. ಅವನ ಹೆಸರೊಂದು ಗೊತ್ತು, ತಂದೆಯ ಹೆಸರು ಮರೆತಿದೆ ಅಂದರು. ಈ ಊರಿಗೆ ಬಂದ ಹೊಸದರಲ್ಲಿ ಹುಡುಕಿದ್ದರಂತೆ. ಸಿಗಲಿಲ್ಲ. 1988ರಲ್ಲಿ ಬದುಕಿ ಉಳಿದನೋ ಇಲ್ಲವೋ, ಅದೂ ಗೊತ್ತಿಲ್ಲ.

ನಿನ್ನ ಪತ್ರ ಓದುವಾಗಲೆಲ್ಲ ನನಗೆ ಆ ಹುಡುಗನೇ ಕಣ್ಣ ಮುಂದೆ ಬರುತ್ತಿದ್ದ.

ನಿನ್ನ ಹುಡುಗಿಯ ಮಂದೆ ದೂರ ಹೋಗಿರಲಾರದು. ಯಾರ ಹೊಲದಲ್ಲಿ ಕುರಿ ತರುಬಿದ್ದಾರೆ ಅಂತ ಅವಳ ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಭಾನುವಾರ ಬೈಕ್ ತಗೊಂಡು ಹೋಗು. ಅವಳ ಪುಸ್ತಕಗಳನ್ನೂ ತಗೊಂಡು ಹೋಗು. ಸಂಜೆ ಹೊತ್ತಿಗೆ ಹೋಗು, ಕುರಿ ಕೂಡಿದ ಮೇಲೆ. ಹೋಗಿ ಬಂದು ನನಗೆ ಬರಿ.

ನಿನ್ನ ಹಳೇ ಕ್ಲಾಸ್‌ಮೇಟ್
ಹರ್ಗೇಸಾ