ಎರಡು ಕಂಪನಿ, ಒಂದೇ ಗುಂಡಿ

ಮಾನ್ಯ ಸಂಪಾದಕರೇ,

ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳು ಇಂಟರ್‌ನೆಟ್ ಲೀಸ್ಡ್ ಲೈನಿಗೆ (ತಮಗಷ್ಟೇ ಮೀಸಲಾದ ಸಂಪರ್ಕ) ಟೆಂಡರ್ ಕರೆದಾಗ ಹೋಲಿಸಿ ನೋಡುವುದು ದರವನ್ನು. ಬಿಟ್ಟರೆ ‘ಶೇ 99.9 ಅಪ್‌ಟೈಮ್’ (ಲೈನ್ ಚಾಲೂ ಇರುವ ಹೊತ್ತು) ಎಂಬ ಮಾತನ್ನು. 30 ದಿನದ ತಿಂಗಳಿಗೆ ಲೆಕ್ಕ ಹಾಕಿದರೆ ಶೇ 99.9 ಎಂದರೆ 43 ನಿಮಿಷ ಲೈನ್ ಹೋಗಬಹುದು, ಶೇ 99.5 ಎಂದರೆ 3 ಗಂಟೆ 36 ನಿಮಿಷ. ಮೀರಿದರೆ ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ಅಷ್ಟೇ. ಮುಂಚೆ ತಿಳಿಸಿ ಮಾಡಿದ ದುರಸ್ತಿಯ ಹೊತ್ತನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೇಳಬೇಕಾದದ್ದು ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು. ಎರಡು ಕಂಪನಿಯಿಂದ ಎರಡು ಲೈನ್ ಪಡೆದವರು ನಿಶ್ಚಿಂತರಾಗಿರುತ್ತಾರೆ. ಒಮ್ಮೆ ಗೇಟಿನ ಬಳಿಯ ಕೇಬಲ್ ಚೇಂಬರಿನ ಮುಚ್ಚಳ ಎತ್ತಿಸಿ ನೋಡಲಿ: ಬೇರೆಬೇರೆ ಟ್ಯಾಗ್ ಕಟ್ಟಿದ ಎರಡು ಕರಿ ಕೇಬಲ್‌ಗಳು ಅಕ್ಕಪಕ್ಕದ ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪುಗಳಲ್ಲಿ ಒಂದೇ ಗುಂಡಿಯೊಳಗೆ ಸಾಗಿದ್ದರೆ ಆಶ್ಚರ್ಯವಿಲ್ಲ. ಒಳಚರಂಡಿಗೆಂದು ಬಂದ ಜೆಸಿಬಿಗೆ ಕಂಪನಿಯ ಭೇದವಿಲ್ಲ. ಎರಡನೆಯ ಕಂಪನಿ ಮೊದಲನೆಯದರಿಂದಲೇ ಡಾರ್ಕ್ ಫೈಬರ್ (ಬಳಸದೆ ಬಿಟ್ಟ ಫೈಬರ್ ಎಳೆ) ಬಾಡಿಗೆಗೆ ಪಡೆದಿರುವುದೂ ಉಂಟು. ಇಬ್ಬರಿಂದಲೂ ಮಾರ್ಗದ ಕೆಎಂಜೆಡ್ (ನಕ್ಷೆ) ಫೈಲ್ ತರಿಸಿ, ಗೂಗಲ್ ಅರ್ತ್‌ನಲ್ಲಿ ಒಟ್ಟಿಗೆ ತೆರೆಯಬೇಕು. ಸೇತುವೆ, ರೈಲ್ವೆ ಕ್ರಾಸಿಂಗ್, ಕಟ್ಟಡದ ಪ್ರವೇಶ: ಗೆರೆಗಳು ಕೂಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ನೆಲ ದಾಟಿದರೆ ಸಮುದ್ರ. 2024ರ ಫೆಬ್ರುವರಿಯಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ನಮ್ಮನ್ನು ಯುರೋಪಿಗೆ ಜೋಡಿಸುವ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದವು. ಮುಂಬೈಯಿಂದ ಪಶ್ಚಿಮಕ್ಕಷ್ಟೇ ಅಲ್ಲ, ಚೆನ್ನೈಯಿಂದ ಸಿಂಗಪುರದ ಕಡೆಗೂ ಸಾಮರ್ಥ್ಯ ಇಟ್ಟುಕೊಂಡ ಕಂಪನಿಯೇ ಮೇಲು. ಸುತ್ತು ಬಳಸಿ ವೇಗ ಕುಂದಿದರೂ ಸಂಪರ್ಕ ಉಳಿಯುತ್ತದೆ.

ಕೇಬಲ್ ಗಟ್ಟಿಯಿದ್ದರೂ ಸಾಲದು. 2020ರ ಆಗಸ್ಟ್ 30ರಂದು ಅಮೆರಿಕದ ಇಂಟರ್‌ನೆಟ್ ಕಂಪನಿ ಸೆಂಚುರಿಲಿಂಕ್‌ನ ಜಾಲದಲ್ಲಿ ಹರಡಿದ ಒಂದೇ ಒಂದು ತಪ್ಪು ಫ್ಲೋಸ್ಪೆಕ್ (ಬೇಡದ ಟ್ರಾಫಿಕ್ ತಡೆಯುವ) ನಿಯಮದಿಂದ ರೂಟರುಗಳ ಬಿಜಿಪಿ (ದಾರಿಗಳನ್ನು ಪರಸ್ಪರ ತಿಳಿಸುವ ವ್ಯವಸ್ಥೆ) ಬೀಳುತ್ತ ಏಳುತ್ತ ಸುಮಾರು 5 ಗಂಟೆ ಒದ್ದಾಡಿತು. ಗ್ರಾಹಕರು ಲೈನ್ ಕಿತ್ತರೂ ಅವರ ಹಳೆಯ ರೂಟುಗಳನ್ನು (ಅವರನ್ನು ತಲುಪುವ ದಾರಿ) ಆ ಜಾಲ ಹೊರಜಗತ್ತಿಗೆ ಸಾರುತ್ತಲೇ ಇತ್ತು. ಎರಡನೇ ಲೈನ್ ಇದ್ದವರೂ ಸಿಕ್ಕಿಬಿದ್ದದ್ದು ಹೀಗೆ. ಸ್ವಂತ /23 (512 ಐಪಿ ವಿಳಾಸಗಳ ಗುಂಪು) ಇದ್ದವರು ಅದನ್ನು ಎರಡು /24 (256ರ ಗುಂಪು) ಮಾಡಿ ಇನ್ನೊಂದು ಲೈನಿನಿಂದ ಸಾರಬೇಕು. ಸಣ್ಣ ತುಂಡಿಗೇ ರೂಟರುಗಳು ಮಣೆ ಹಾಕುತ್ತವೆ.

ಎಂಟಿಆರ್ (ತಿಂಡಿಯದಲ್ಲ, ದಾರಿ ಪರೀಕ್ಷಿಸುವ ತಂತ್ರಾಂಶ) ಓಡಿಸಿ, ನಡುವಿನ ಹಾಪ್‌ನಲ್ಲಿ (ದಾರಿಯ ಒಂದು ರೂಟರು) ಶೇ 40 ಲಾಸ್ (ಉತ್ತರ ಬಾರದ ಪ್ರಮಾಣ) ಕಂಡು ಜಗಳಕ್ಕೆ ಹೋಗುವವರಿದ್ದಾರೆ. ಕೊನೆಯ ಹಾಪ್‌ನಲ್ಲಿ ಸೊನ್ನೆಯಿದ್ದರೆ ಅದು ದೋಷವಲ್ಲ. ನಡುವಿನ ಆ ರೂಟರು ಇಂಥ ಪರೀಕ್ಷೆಗೆ ಉತ್ತರಿಸುವುದನ್ನು ಕಡಿಮೆ ಮಾಡಿಕೊಂಡಿದೆ, ಅಷ್ಟೇ.

ಮೂರು ತಿಂಗಳಿಗೊಮ್ಮೆ ಮುಖ್ಯ ಲೈನನ್ನು ಕಿತ್ತು ನೋಡುವ ಷರತ್ತು ಟೆಂಡರಿನಲ್ಲೇ ಇರಲಿ. ಕೀಳಬೇಕಾದದ್ದು ರೂಟರಿನ ವೈರನ್ನಲ್ಲ, ಮೀಡಿಯಾ ಕನ್ವರ್ಟರಿನ (ಫೈಬರನ್ನು ರೂಟರಿನ ವೈರಿಗೆ ಜೋಡಿಸುವ ಡಬ್ಬಿ) ಆಚೆಯ ಫೈಬರನ್ನು. ಎಷ್ಟೋ ಕನ್ವರ್ಟರುಗಳಲ್ಲಿ ಫೈಬರ್ ಹೋದರೂ ರೂಟರಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆಗ, ಸೆಟ್ಟಿಂಗ್ ಬದಲಿಸದ ಸಿಸ್ಕೊ ರೂಟರಾದರೆ ಬಿಜಿಪಿ 180 ಸೆಕೆಂಡು ಕಾದ ಮೇಲಷ್ಟೇ ದಾರಿ ಬದಲಿಸುತ್ತದೆ. ಎರಡೂ ತುದಿಯಲ್ಲಿ ಬಿಎಫ್‌ಡಿ (ಲೈನ್ ಜೀವಂತವೇ ಎಂದು ಕ್ಷಣಕ್ಷಣ ವಿಚಾರಿಸುವ ವ್ಯವಸ್ಥೆ) ಹಾಕಿಸಿದರೆ ಒಂದು ಸೆಕೆಂಡಿನೊಳಗೆ ಗೊತ್ತಾಗುತ್ತದೆ.

– ನೆಟ್‌ವರ್ಕ್ ಎಂಜಿನಿಯರುಗಳು, ಬೆಂಗಳೂರು